ಗಣಕಯಂತ್ರದ ಮೂಲಕ ಕ್ಷೇಮಸಮಾಚಾರ

ನಮ್ಮ ಶಾಲೆಯ ವಿದ್ಯಾರ್ಥಿಗಳಲ್ಲಿ ಬಹುಮಂದಿಗೆ ಎರಡು ಊರುಗಳುಂಟು. ಒಂದು, ತಂದೆತಾಯಿಗಳು ಹೊಟ್ಟೆಪಾಡಿಗಾಗಿ ಬಂದು ನೆಲೆಸಿದ ಈ ಕಳವಾ. ಇನ್ನೊಂದು, ಬೇಸಿಗೆಯ ರಜೆಯಲ್ಲಿ ಮಾತ್ರ ಕಾಣಸಿಗುವ, ಅಜ್ಜ ಅಜ್ಜಿಯರಿರುವ ಊರು. ಈ ಎರಡರ ನಡುವೆ ಸುದ್ದಿ ಹೋಗಿಬರುವ ಬಗೆ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಹಿಂದೆ ಅಂಚೆಯ ಕಾರ್ಡು, ಇನ್‌ಲ್ಯಾಂಡ್ ಪತ್ರಗಳೇ ಗತಿಯಾಗಿದ್ದುವು, ತುರ್ತಾದರೆ ತಂತಿ. ಆ ತಂತಿಯ ಸೇವೆಯು ನಮ್ಮ ದೇಶದಲ್ಲಿ 2013ರ ಜುಲೈಯಲ್ಲಿ ನಿಂತುಹೋಯಿತು. ಇಂದು ಗಣಕಯಂತ್ರದ ಮುಂದೆ ಕುಳಿತು ಇ-ಮೇಲನ್ನೂ ತತ್‌ಕ್ಷಣದ ಸಂದೇಶವನ್ನೂ ಕಳುಹಿಸುವುದು ಶಾಲೆಯ ಬಾಲಕರಿಗೂ ಸಾಧ್ಯವಾಗಿದೆ. ಇವು ನಡೆಯುವ ರೀತಿ ಯಾವುದು, ಇವುಗಳಲ್ಲಿ ಭೇದವೇನು, ಇವುಗಳಲ್ಲಿ ಕನ್ನಡವನ್ನು ಬರೆಯುವುದು ಹೇಗೆ ಎಂಬ ಮೂರು ಸಂಗತಿಗಳನ್ನು ಇಲ್ಲಿ ವಿಚಾರಿಸೋಣ. ಮೂರನೆಯದನ್ನು ತುಸು ವಿಸ್ತಾರವಾಗಿ ಹೇಳುವೆವು. ಅದರ ಕಾರಣವು ಮುಂದೆ ತಿಳಿಯುವುದು.

ಮೊದಲು ಇ-ಮೇಲ್. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಎಂಬ ಇಂಜಿನಿಯರರು ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಜಾಲದ ಮೂಲಕ ಪತ್ರವನ್ನು ಕಳುಹಿಸಿದರು. ವಿನೋದವೆಂದರೆ, ಆ ಎರಡು ಯಂತ್ರಗಳೂ ಒಂದೇ ಕೋಣೆಯಲ್ಲಿ ಅಕ್ಕಪಕ್ಕದಲ್ಲಿಯೇ ಇದ್ದುವು! ಪತ್ರ ಸೇರಬೇಕಾದ ವ್ಯಕ್ತಿಯ ಹೆಸರನ್ನೂ ಯಂತ್ರದ ಹೆಸರನ್ನೂ ಬೇರ್ಪಡಿಸಲು, ಯಾರ ಹೆಸರಿನಲ್ಲಿಯೂ ಬಾರದ ಒಂದು ಗುರುತು ಅವರಿಗೆ ಬೇಕಾಗಿತ್ತು. ಕೀಲಿಮಣೆಯ ಮೇಲಿದ್ದ ‘@’ ಎಂಬ ಚಿಹ್ನೆಯನ್ನು ಅವರು ಆರಿಸಿಕೊಂಡರು. ಅಂದಿನಿಂದ ಇಂದಿನವರೆಗೆ ಪ್ರತಿಯೊಂದು ಇ-ಮೇಲ್ ವಿಳಾಸದಲ್ಲಿಯೂ ಅದು ನಿಂತಿದೆ.

ನೀವು ಬರೆದ ಪತ್ರವು ನೇರವಾಗಿ ಊರಿನ ಯಂತ್ರಕ್ಕೆ ಹೋಗುವುದೆಂದು ತಿಳಿಯಬಾರದು. ಅದು ಮೊದಲು ನಿಮ್ಮ ಸೇವೆಯ ಸರ್ವರ್ ಎಂಬ ದೊಡ್ಡ ಯಂತ್ರಕ್ಕೆ ಮುಟ್ಟುವುದು. ಆ ಯಂತ್ರವು ‘@’ ಚಿಹ್ನೆಯ ಬಲಗಡೆಯ ಹೆಸರನ್ನು ಓದಿ, ಆ ಹೆಸರಿನ ಪತ್ರಗಳನ್ನು ಸ್ವೀಕರಿಸತಕ್ಕ ಸರ್ವರ್ ಯಾವುದೆಂದು ಜಾಲದ ಹೆಸರುಪಟ್ಟಿಯಲ್ಲಿ ವಿಚಾರಿಸಿಕೊಂಡು, ಅಲ್ಲಿಗೆ ಪತ್ರವನ್ನು ಒಪ್ಪಿಸುವುದು. ಎಡಗಡೆಯ ಹೆಸರನ್ನು ಆ ಎರಡನೆಯ ಸರ್ವರ್ ಓದಿ, ಅವರವರ ಪೆಟ್ಟಿಗೆಯಲ್ಲಿ ಇರಿಸುವುದು. ಅಂಚೆಯಲ್ಲಿಯೂ ನಡೆಯುವುದು ಇದೇ ಅಲ್ಲವೆ? 400605 ಎಂಬ ಪಿನ್ ಸಂಖ್ಯೆಯನ್ನು ನೋಡಿ ಪತ್ರವನ್ನು ಕಳವಾಕ್ಕೆ ಕಳುಹಿಸುವರು. ಚಾಳಿನ ಹೆಸರನ್ನೂ ಕೋಣೆಯ ಸಂಖ್ಯೆಯನ್ನೂ ನೋಡುವವನು ಇಲ್ಲಿಯ ಅಂಚೆಯವನೇ. ಊರಿನಲ್ಲಿ ಕರೆಂಟು ಹೋಗಿರಲಿ, ಯಂತ್ರ ಮುಚ್ಚಿರಲಿ, ಪತ್ರವು ಸರ್ವರಿನ ಪೆಟ್ಟಿಗೆಯಲ್ಲಿ ಕಾದಿರುವುದು. ಕಾಯುವುದೇ ಇ-ಮೇಲಿನ ದೊಡ್ಡ ಗುಣ.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಮರುವರ್ಷ ಜುಲೈ 4ರಂದು, ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅವರೂ ಜ್ಯಾಕ್ ಸ್ಮಿತ್ ಅವರೂ ಅಮೆರಿಕದಲ್ಲಿ ‘ಹಾಟ್‌ಮೇಲ್’ ಎಂಬ ಸೇವೆಯನ್ನು ತೆರೆದರು. ಇದರಲ್ಲಿ ಪತ್ರಗಳನ್ನು ಯಾವ ಯಂತ್ರದ ಮುಂದೆಯಾದರೂ ಕುಳಿತು ಓದಬಹುದಾಗಿತ್ತು. ಸ್ವಂತ ಯಂತ್ರವಿಲ್ಲದವನಿಗೂ ಒಂದು ವಿಳಾಸ ದೊರೆಯಿತು. ಬಾಡಿಗೆಯ ಕರಾರು ಮುಗಿದೊಡನೆ ಖಾರೇಗಾಂವದಿಂದ ವಿಟಾವಾಕ್ಕೆ, ವಿಟಾವಾದಿಂದ ದಿವಾಕ್ಕೆ ಕೋಣೆ ಬದಲಿಸುವ ನಮ್ಮಂಥವರಿಗೆ ಇದರ ಬೆಲೆ ಗೊತ್ತು. ಹಳೆಯ ಕೋಣೆಗೆ ಬಂದ ಕಾಗದ ಎಷ್ಟೋ ಸಲ ನಮ್ಮ ಕೈಸೇರುತ್ತಿರಲಿಲ್ಲ. ಇ-ಮೇಲ್ ವಿಳಾಸವಾದರೋ ನಾವು ಹೋದಲ್ಲೆಲ್ಲ ನಮ್ಮ ಹಿಂದೆಯೇ ಬರುವುದು.

ತತ್‌ಕ್ಷಣದ ಸಂದೇಶವು ಪತ್ರವಲ್ಲ, ಮಾತು. ಇಬ್ಬರೂ ಒಂದೇ ಹೊತ್ತಿಗೆ ಯಂತ್ರಗಳ ಮುಂದೆ ಕುಳಿತಿದ್ದರೇ ಅದರ ಸೊಗಸು. ಮೆಸೆಂಜರ್ ತೆರೆದೊಡನೆ ನಮ್ಮ ಯಂತ್ರವು ಸರ್ವರಿನೊಡನೆ ಕೊಂಡಿಯನ್ನು ಬೆಸೆದು, ಮುಚ್ಚುವವರೆಗೂ ಅದನ್ನು ಹಿಡಿದೇ ಇರುವುದು. ಆದಕಾರಣ ಯಾರು ಬಂದಿರುವರು, ಯಾರು ಹೋಗಿರುವರು ಎಂಬುದು ಸರ್ವರಿಗೆ ತಿಳಿಯುತ್ತಿರುವುದು. ಬಂದವರ ಹೆಸರಿನ ಪಕ್ಕದಲ್ಲಿ ಹಸಿರು ಚುಕ್ಕೆ ಕಾಣಿಸುವುದು ಹೀಗೆ. 1996ರಲ್ಲಿ ಇಸ್ರೇಲಿನ ತರುಣರು ಹೊರತಂದ ‘ಐಸಿಕ್ಯು’, 1998ರ ಯಾಹೂ ಮೆಸೆಂಜರ್, 2005ರ ಗೂಗಲ್ ಟಾಕ್ ಇವು ಒಂದು ಕಾಲಕ್ಕೆ ಮನೆಮಾತಾಗಿದ್ದುವು. ಗೂಗಲ್ ಟಾಕಿನ ವಿಂಡೋಸ್ ತಂತ್ರಾಂಶವು 2015ರಲ್ಲಿಯೂ ಯಾಹೂ ಮೆಸೆಂಜರ್ 2018ರ ಜುಲೈ 17ರಂದೂ ನಿಂತುಹೋದುವು. ಇನ್ನೊಂದು ಮಾತು: ಯಾಹೂದಲ್ಲಿರುವವನು ಗೂಗಲ್ ಟಾಕಿನಲ್ಲಿರುವವನೊಡನೆ ಮಾತನಾಡುವಂತಿರಲಿಲ್ಲ. ಇ-ಮೇಲಿಗೆ ಈ ಗೋಡೆಯಿಲ್ಲ. 1982ರಲ್ಲಿ ಗೊತ್ತುಮಾಡಿದ ಒಂದೇ ನಿಯಮವನ್ನು ಎಲ್ಲ ಸೇವೆಗಳೂ ಅನುಸರಿಸುವುದರಿಂದ ಯಾರಾದರೂ ಯಾರಿಗಾದರೂ ಬರೆಯಬಹುದು. ಮೆಸೆಂಜರುಗಳು ಬಂದು ಹೋಗುತ್ತಿದ್ದರೂ ಇ-ಮೇಲ್ ಉಳಿದಿರುವುದಕ್ಕೆ ಇದೊಂದು ಕಾರಣವೆಂದು ನಮ್ಮ ಅಭಿಪ್ರಾಯ.

ಈಗ ಮೂರನೆಯ ಸಂಗತಿ. ಇದನ್ನು ನಾವು ಪುಸ್ತಕದಿಂದ ಕಲಿತವರಲ್ಲ.

2011ನೆಯ ವರ್ಷದಲ್ಲಿ ನಾವು ಕಳವಾದ ಸ್ಟೇಷನ್ನಿನ ಬಳಿಯ ಒಂದು ಸೈಬರ್ ಕೆಫೆಯಲ್ಲಿ ಪ್ರತಿ ಭಾನುವಾರ ಸಂಜೆ ಕೂಡುತ್ತಿದ್ದೆವು. ಅದೇ ಹೊತ್ತಿಗೆ ನಮ್ಮ ಅಣ್ಣನವರು ಬಿಜಾಪುರ ಜಿಲ್ಲೆಯ (ಇಂದಿನ ವಿಜಯಪುರ) ನಮ್ಮ ಹಳ್ಳಿಯಿಂದ ತಾಲೂಕು ಊರಿಗೆ ಬಂದು ಅಲ್ಲಿ ಕೂಡುತ್ತಿದ್ದರು. ಫೋನು ಇರಲಿಲ್ಲವೆಂದಲ್ಲ. ಆದರೆ ಹಿರಿಯನಾದವನು ತಮ್ಮನ ಮುಂದೆ ಬಾಯಿಬಿಟ್ಟು ಹೇಳಲಾರದ ಮಾತುಗಳು ಕೆಲವು ಇರುತ್ತವೆ. ಅವನ್ನು ಬರೆಯುವುದು ಸುಲಭ. ಕನ್ನಡವನ್ನು ಟೈಪು ಮಾಡುವ ಏರ್ಪಾಡು ಎರಡು ಕಡೆಯೂ ಇರಲಿಲ್ಲವಾಗಿ, ಇಬ್ಬರೂ ರೋಮನ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಿದ್ದೆವು.

ಅಕ್ಟೋಬರಿನ ಒಂದು ಭಾನುವಾರ ಅಣ್ಣನವರು ಬರೆದರು: ಈ ಸಲ ಉಳ್ಳಾಗಡ್ಡಿ... ಮುಂದೆ ಬಿ, ಇ, ಎಲ್, ಇ ಎಂಬ ನಾಲ್ಕು ಅಕ್ಷರಗಳು... ಇಲ್ಲ, ಸಾಲದ ಕಂತು ಬಂದಿದೆ, ಏನು ಮಾಡೋಣ? ನಾವು ಅದನ್ನು ‘ಬೆಲೆ ಇಲ್ಲ’ ಎಂದು ಓದಿದೆವು. 2010ರ ಡಿಸೆಂಬರಿನಲ್ಲಿ ಉಳ್ಳಾಗಡ್ಡಿಯ ದರ ದೇಶದಲ್ಲೆಲ್ಲ ಗಗನಕ್ಕೇರಿತ್ತು; ಮರುವರ್ಷ ಇಳಿದಿತ್ತು. ವಾಶಿಯ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ ನಮ್ಮೂರಿನವರೊಬ್ಬರು ಆ ವಾರವೇ ಇದನ್ನು ನಮಗೆ ಹೇಳಿದ್ದರು. ನಾವು ತಿಳಿದವರಂತೆ ಉತ್ತರ ಬರೆದೆವು: ‘ಸ್ವಲ್ಪ ದಿವಸ ತಡೆಯಿರಿ, ಮುಂದೆ ನೋಡೋಣ.’ ಅಷ್ಟರಲ್ಲಿ ಅತ್ತ ಕರೆಂಟು ಹೋಗಿರಬೇಕು, ಹಸಿರು ಚುಕ್ಕೆ ಅಳಿಯಿತು. ಮುಂದಿನ ಎರಡು ಭಾನುವಾರ ಅಣ್ಣನವರು ಬರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಇನ್‌ಲ್ಯಾಂಡ್ ಪತ್ರ ಬಂದಿತು. ‘ಇತ್ತ ಕಡೆ ಎಲ್ಲರೂ ಕ್ಷೇಮ’ ಎಂದು ಮೊದಲಾಗುವ ವಾಡಿಕೆಯ ಒಕ್ಕಣೆಯ ಕೆಳಗೆ, ಮಳೆಯಿಲ್ಲದೆ ಉಳ್ಳಾಗಡ್ಡಿಯ ಬೆಳೆಯೇ ಒಣಗಿತೆಂದೂ, ಜೋಡಿ ಎತ್ತುಗಳಲ್ಲಿ ಒಂದನ್ನು ಮಾರಿ ಕಂತು ತೀರಿಸಿದರೆಂದೂ, ‘ನಿನಗೂ ಅಲ್ಲಿ ಅಡಚಣೆ ಇರುವುದು, ತಿಳಿಯಿತು’ ಎಂದೂ ಇತ್ತು. ಬೆಳೆ, ಬೆಲೆಯಲ್ಲ. ಕಾಲುಹಾದಿಯೆಲ್ಲ ಕೆರೆಯಾಗುವಂತೆ ಮಳೆ ಸುರಿಯುವ ಕಳವಾದಲ್ಲಿ ಕುಳಿತ ನಮಗೆ, ಊರಿನಲ್ಲಿ ಮಳೆಯೇ ಆಗಿಲ್ಲವೆಂಬುದು ಹೊಳೆದಿರಲಿಲ್ಲ. ನಮ್ಮ ಬಳಿ ಆಗ ಅಷ್ಟು ಹಣವಿತ್ತು. ಮರುದಿನವೇ ಕಳುಹಿಸಿದೆವು, ಎತ್ತು ಮಾತ್ರ ಹೋಗಿತ್ತು. ಆ ಹಿಂಗಾರಿಯಲ್ಲಿ ಅಣ್ಣನವರು ಪಕ್ಕದ ಹೊಲದವರ ಎತ್ತನ್ನು ಕೇಳಿ ಜೋಳ ಬಿತ್ತಿದರು. ‘ಬೆಲೆಯೊ, ಬೆಳೆಯೊ’ ಎಂದು ಒಂದು ಮಾತು ಕೇಳಿದ್ದರೆ ಸಾಕಾಗಿತ್ತು. ಕೇಳಬೇಕೆಂದೇ ತೋರಲಿಲ್ಲ.

ಇಂಥ ಎಡವಟ್ಟಿಗೆ ಎಡೆಯಾದದ್ದು ಹೇಗೆ? ಗಣಕಯಂತ್ರಕ್ಕೆ ಅಕ್ಷರ ತಿಳಿಯದು; ಅಂಕಿ ಮಾತ್ರ ತಿಳಿಯುವುದು. ಆದ್ದರಿಂದ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಬೇಕು. ಅಮೆರಿಕದವರ ‘ಆಸ್ಕಿ’ ಪಟ್ಟಿಯಲ್ಲಿ 128 ಸ್ಥಾನಗಳು ಮಾತ್ರ. ಅವು ಇಂಗ್ಲಿಷಿನ ಅಕ್ಷರಗಳಿಗೂ ಚಿಹ್ನೆಗಳಿಗೂ ಮುಗಿದುಹೋದುವು. ಕನ್ನಡದವರು ಕೈಕಟ್ಟಿ ಕೂಡಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ತರುವಾಯ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದುವು. ಆದರೆ ಆಗಿನ ಫಾಂಟುಗಳು ಇಂಗ್ಲಿಷಿನ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿದವು. ಓದುವವರ ಯಂತ್ರದಲ್ಲಿ ಅದೇ ಫಾಂಟು ಇಲ್ಲದಿದ್ದರೆ ಪತ್ರವು ಅರ್ಥವಿಲ್ಲದ ಗುರುತುಗಳ ರಾಶಿಯಾಗುತ್ತಿತ್ತು.

ಈ ತೊಡಕನ್ನು ಬಿಡಿಸಿದ್ದು ಯೂನಿಕೋಡ್. 1991ರಲ್ಲಿ ಪ್ರಕಟವಾದ ಅದರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳನ್ನು ಮೀಸಲಾಗಿಟ್ಟರು. ಇವು ಬೇರೆ ಯಾವ ಲಿಪಿಗೂ ಸೇರಿದವಲ್ಲ. ‘ಲ’ ಅಕ್ಷರದ ಸಂಖ್ಯೆ 3250, ‘ಳ’ ಅಕ್ಷರದ ಸಂಖ್ಯೆ 3251. ನಮ್ಮ ಊರಿನ ಹೆಸರನ್ನು ಟೈಪು ಮಾಡಿದರೆ ಯಂತ್ರವು 3221, 3251, 3253, 3262 ಎಂದು ಬರೆದುಕೊಳ್ಳುವುದು. ಕೊನೆಯದು ದೀರ್ಘದ ಗುರುತು. ಸ್ಟೇಷನ್ನಿನ ಹಲಗೆಯನ್ನು ನೋಡಿರಿ: ಮರಾಠಿಯಲ್ಲಿ ‘ಳ’ಕಾರ ಸ್ಪಷ್ಟವಾಗಿದೆ, ರೋಮನ್ ಅಕ್ಷರಗಳಲ್ಲಿ ಅದು ಬರಿಯ ಎಲ್ ಆಗಿ ‘ಲ’ಕಾರದೊಡನೆ ಬೆರೆತುಹೋಗಿದೆ. 2011ರಲ್ಲಿಯೂ ಯೂನಿಕೋಡ್ ಇತ್ತು. ವಿಂಡೋಸ್ ಎಕ್ಸ್‌ಪಿಯಲ್ಲಿ ಅದಕ್ಕೆ ಬೇಕಾದ ಕಡತಗಳನ್ನು ಬೇರೆಯಾಗಿ ಅಳವಡಿಸಬೇಕಾಗಿತ್ತು. ಬಾಡಿಗೆಯ ಯಂತ್ರಗಳಲ್ಲಿ ಅದನ್ನು ಯಾರು ಮಾಡುವರು? ಕೇಳಿ ಮಾಡಿಸಿಕೊಳ್ಳುವ ತಿಳಿವಳಿಕೆ ನಮಗೂ ಇರಲಿಲ್ಲ.

ಇಂದು ಆ ತೊಂದರೆಯಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಭಾಷೆಗಳ ಪಟ್ಟಿಗೆ ಕನ್ನಡವನ್ನು ಸೇರಿಸಿದರೆ ಸಾಕು. ಕೆ. ಪಿ. ರಾವ್ ಅವರು ರೂಪಿಸಿದ, ‘ನುಡಿ’ಯಲ್ಲಿ ದೊರೆಯುವ ಕೀಲಿಮಣೆಯಲ್ಲಿ ಎಲ್ ಕೀಲಿಯನ್ನು ಒತ್ತಿದರೆ ‘ಲ’, ಶಿಫ್ಟಿನೊಡನೆ ಒತ್ತಿದರೆ ‘ಳ’. ಸರಕಾರದ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಎನ್ ಕೀಲಿಯಲ್ಲಿ ಹೀಗೆಯೇ ಎರಡೂ ಇವೆ. ಪತ್ರ ಬರೆಯುವಾಗ ವಿಷಯದ ಸಾಲನ್ನು ಖಾಲಿ ಬಿಡಬೇಡಿರಿ. ‘ನಮಸ್ಕಾರ’ ಎಂದಷ್ಟೇ ಬರೆಯದೆ ‘ಅಜ್ಜಿಯ ಕಣ್ಣಿನ ಆಪರೇಶನ್ ಬಗ್ಗೆ’ ಎಂದು ಬರೆಯಿರಿ. ಪಾಸ್‌ವರ್ಡನ್ನು ಗೆಳೆಯರಿಗೆ ಹೇಳಬಾರದು. ಶಾಲೆಯ ಯಂತ್ರದಿಂದ ಏಳುವ ಮೊದಲು ಲಾಗ್‌ಔಟ್ ಆಗಬೇಕು. ಇದನ್ನು ಮರೆಯುವವರು ಪ್ರತಿ ತರಗತಿಯಲ್ಲಿಯೂ ಇಬ್ಬರು ಮೂವರು ಇದ್ದೇ ಇರುವರು.

ಅಣ್ಣನವರ ಪತ್ರಗಳು ಈಗ ಇ-ಮೇಲಿನಲ್ಲಿ ಕನ್ನಡದಲ್ಲಿಯೇ ಬರುತ್ತವೆ. ಟೈಪು ಮಾಡುವವಳು ಅವರ ಮಗಳು. ‘ಶಿಫ್ಟ್ ಒತ್ತಿದಿ ಏನವ್ವಾ?’ ಎಂದು ಪಕ್ಕದಲ್ಲಿ ಕುಳಿತು ಕೇಳುತ್ತಾರಂತೆ.

ಅಭ್ಯಾಸ: ಮನೆ ಮತ್ತು ಮಣೆ, ಹುಲಿ ಮತ್ತು ಹುಳಿ, ಹಲ್ಲಿ ಮತ್ತು ಹಳ್ಳಿ, ಕಲೆ ಮತ್ತು ಕಳೆ ಇವು ರೋಮನ್ ಅಕ್ಷರಗಳಲ್ಲಿ ಒಂದೇ ಆಗಿಬಿಡುವ ಜೋಡಿಗಳು. ಇಂಥ ಇನ್ನೂ ಹತ್ತು ಜೋಡಿಗಳನ್ನು ಹುಡುಕಿರಿ. ಅವುಗಳಲ್ಲಿ ಮೂರನ್ನಾದರೂ ಬಳಸಿ, ಊರಿನಲ್ಲಿರುವ ಹಿರಿಯರೊಬ್ಬರಿಗೆ ಕನ್ನಡ ಅಕ್ಷರಗಳಲ್ಲಿ ಒಂದು ಇ-ಮೇಲ್ ಬರೆಯಿರಿ. ಉತ್ತರ ಬಂದರೆ ತರಗತಿಗೆ ತಂದು ತೋರಿಸಿರಿ.