ಹಾಡಿಗೆ ಕುಣಿಯಿರಿ, ಮತಕ್ಕೆ ಲೆಕ್ಕ ಕೇಳಿರಿ

ಕಬ್ಬಿನ ಹಂಗಾಮಿನಲ್ಲಿ ಬೆಲ್ಲದ ಬಾಗೇವಾಡಿಯ ರಸ್ತೆಗೆ ಟ್ರ್ಯಾಕ್ಟರಿಗಿಂತ ಮೊದಲು ಅದರ ಹಾಡು ಬರುತ್ತದೆ. ಈ ಡಿಜೆ ಜಾನಪದ ನನಗೆ ಇಷ್ಟ. ಮಾಳು ನಿಪನಾಳರ ‘ನಾ ಡ್ರೈವರ’ ಹಾಡು ನಮ್ಮ ಸೀಮೆಯ ಮಾತನ್ನು ನಾಡೆಲ್ಲ ಗುನುಗುವಂತೆ ಮಾಡಿತು. ಕೌಜಲಗಿ ನಿಂಗಮ್ಮನವರ ಪಾರಿಜಾತದ ಆಟ ನೋಡಿ ಬೆಳೆದ ಹಿರಿಯರು ಮೂಗು ಮುರಿಯುವ ಮೊದಲು ಒಂದು ಹಾಡನ್ನಾದರೂ ಪೂರ್ತಿ ಕೇಳಲಿ. ಹೆಣ್ಣನ್ನು ಹೀಯಾಳಿಸುವ ಸಾಲು ಬಂದರೆ ಮಾತ್ರ, ಡ್ರೈವರ್ ತಮ್ಮಾ, ನೀನೇ ಬಂದ್ ಮಾಡು. ರಾತ್ರಿ 10ರ ನಂತರವೂ ಅಷ್ಟೇ. ಓದುವ ಮಕ್ಕಳಿದ್ದಾರೆ, ಬಾಣಂತಿಯರಿದ್ದಾರೆ.

ಚುನಾವಣೆಯಲ್ಲಿ ಅದೇ ಧಾಟಿಗೆ ನಾಯಕರ ಹೆಸರು ಸೇರಿಸಿ ಹಾಕುತ್ತಾರೆ. ಕಾಲು ಕುಣಿಯಲಿ, ಆದರೆ ತಲೆ ಬೇರೆ ಕೆಲಸ ಮಾಡಲಿ. ಕಬ್ಬಿನ ಎಫ್‌ಆರ್‌ಪಿ, ಅಂದರೆ ನ್ಯಾಯಯುತ ಮತ್ತು ಲಾಭದಾಯಕ ಬೆಲೆ, ನಿಗದಿಯಾಗುವುದು ದೆಹಲಿಯಲ್ಲಿ; 2025-26ಕ್ಕೆ ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಕಟಾವು, ಸಾಗಣೆ ಖರ್ಚು ಕಳೆದರೆ ಉಳಿಯುವುದೆಷ್ಟು? ಈ ಸಿಟ್ಟಿಗೇ 2025ರ ನವೆಂಬರ್‌ನಲ್ಲಿ ರೈತರು ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಆ ಖರ್ಚು ಬಿಟ್ಟು ಟನ್ನಿಗೆ 3,500 ರೂಪಾಯಿ ಕೇಳುತ್ತ ಕೂತರು. ರಾಷ್ಟ್ರ ರಾಜಕಾರಣವೆಂದರೆ ನಮಗೆ ಈ ಕಬ್ಬಿನ ಬೆಲೆಯೇ. ಟಿವಿಯ ಕೂಗಾಟವನ್ನು ಅಷ್ಟು ಹಚ್ಚಿಕೊಳ್ಳಬೇಡಿರಿ.

2024ರಲ್ಲಿ ನಮ್ಮ ಹುಕ್ಕೇರಿ ಭಾಗವಿರುವ ಚಿಕ್ಕೋಡಿಯಿಂದ ಕಾಂಗ್ರೆಸ್ಸಿನ ಪ್ರಿಯಾಂಕಾ ಜಾರಕಿಹೊಳಿ, ಗೋಕಾಕ-ಮೂಡಲಗಿಯವರಿರುವ ಬೆಳಗಾವಿಯಿಂದ ಬಿಜೆಪಿಯ ಜಗದೀಶ ಶೆಟ್ಟರ್ ಲೋಕಸಭೆಗೆ ಹೋದರು. ಎರಡೂ ಕ್ಷೇತ್ರಗಳಲ್ಲಿ ಪರಸ್ಪರ ಬೀಗರಾಗಿರುವ ನಾವು ಪಕ್ಷದ ಹೆಸರಲ್ಲಿ ವಾಟ್ಸಾಪ್‌ನಲ್ಲಿ ಬೈದಾಡುವುದು ಬೇಡ. ಇಬ್ಬರೂ ಕಬ್ಬಿನ ಬಗ್ಗೆ ಸಂಸತ್ತಿನಲ್ಲಿ ಏನು ಕೇಳಿದ್ದಾರೆಂದು ಲೋಕಸಭೆಯ ಜಾಲತಾಣದಲ್ಲಿ ನೋಡಿ, ಅದನ್ನು ಗ್ರೂಪಿಗೆ ಹಾಕಿರಿ.