ಹನ್ನೆರಡು ಮಂದಿ, ಹದಿನಾಲ್ಕು ದಿನ

ಹೋದ ವರ್ಷ ನಾನು 3,200 ರೂಪಾಯಿ ಉಳಿಸಲು ಹೋಗಿ 1,48,000 ರೂಪಾಯಿ ಕಳೆದುಕೊಂಡೆ. ಷೇರಲ್ಲ, ಚೀಟಿಯಲ್ಲ. ನಮ್ಮ ಆಟ ಆಡಿ ನೋಡುವವರಿಗೆ ಕೊಡಬೇಕಾದ ದುಡ್ಡಿನಲ್ಲಿ ಜಿಪುಣತನ ಮಾಡಿದ್ದಕ್ಕೆ, ಅವರನ್ನು ತಡವಾಗಿ ಕರೆದದ್ದಕ್ಕೆ ತೆತ್ತ ದಂಡ ಅದು.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಒಂದು ಮನೆಯ ಮೇಲಿನ ಬಾಡಿಗೆ ಕೋಣೆ ನಮ್ಮ ಗೇಮ್ ಸ್ಟುಡಿಯೊ. ನಾನು, ನಮ್ಮಕ್ಕನ ಮಗ, ಚಿತ್ರ ಬರೆಯುವ ಒಬ್ಬ ಹುಡುಗಿ, ಇಷ್ಟೇ ಜನ. ಮಾಡುತ್ತಿರುವುದು ಒಂದೇ ಆಟ, ಅದರ ವಸ್ತು ಶನಿವಾರದ ಸಂತೆ. ಬುಟ್ಟಿ ಇಳಿಸಬೇಕು, ತೂಗಬೇಕು, ಚೌಕಾಸಿಗೆ ಉತ್ತರ ಕೊಡಬೇಕು, ಕತ್ತಲಾಗುವುದರೊಳಗೆ ಮಾಲು ಖಾಲಿಯಾಗಬೇಕು. ಚಾಲ್ತಿ ಖಾತೆ ತೆರೆಯಲು ಬ್ಯಾಂಕಿಗೆ ಹೋದಾಗ ಕೌಂಟರಿನವರು, “ಗೇಮ್ ಅಂದ್ರ ರಮ್ಮಿ ಏನ್ರಿ?” ಎಂದು ಕೇಳಿದ್ದರು. 2025ರ ಆಗಸ್ಟಿನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಬಂದಾಗಿನಿಂದ ಈ ಪ್ರಶ್ನೆ ಬೀಗರ ಮನೆಯಲ್ಲೂ ಕೇಳಿಬರುತ್ತದೆ. ನಮ್ಮ ಆಟದಲ್ಲಿ ಯಾರೂ ಪಣ ಕಟ್ಟುವುದಿಲ್ಲ. ಕಟ್ಟುವವ ನಾನೊಬ್ಬನೇ.

ಖರ್ಚು ಹೀಗಿದೆ. ಇಬ್ಬರಿಗೆ ತಲಾ 25,000 ಸಂಬಳ, ಬಾಡಿಗೆ 8,000, ಕರೆಂಟು ಮತ್ತು ಇಂಟರ್ನೆಟ್ 4,000, ನಾನು ಮನೆಗೆ ಒಯ್ಯುವುದು 12,000. ಒಟ್ಟು ತಿಂಗಳಿಗೆ 74,000. ಆದಾಯದ ಕಡೆ ನೋಡಿ. ಕಂಪ್ಯೂಟರಿನ ಪೂರ್ತಿ ಆಟವನ್ನು ಆನ್‌ಲೈನ್ ಆಟದಂಗಡಿ ಸ್ಟೀಮ್‌ನಲ್ಲಿ 250 ರೂಪಾಯಿಗೆ ಇಡುವ ಯೋಚನೆ. ಅದರಲ್ಲಿ ಶೇ 18 ಜಿಎಸ್‌ಟಿ ಕಳೆದರೆ ಸುಮಾರು 212. ಅದರಲ್ಲಿ ಸ್ಟೀಮ್ ತನ್ನ ಪಾಲೆಂದು ಶೇ 30 ಹಿಡಿದುಕೊಂಡರೆ ಕೈಗೆ ಬರುವುದು 148. ಅಂದರೆ ಒಂದು ತಿಂಗಳು ದಾಟಲು 500 ಪ್ರತಿ, ಒಂದು ವರ್ಷಕ್ಕೆ 6,000 ಪ್ರತಿ ಮಾರಾಟವಾಗಬೇಕು. ಈ ಲೆಕ್ಕವನ್ನು ನಾನು ಮಾಡಿದ್ದು ಕೆಲಸ ಶುರುವಾಗಿ ಏಳು ತಿಂಗಳಾದ ಮೇಲೆ. ಅಷ್ಟು ಹೊತ್ತಿಗೆ ಮನೆಯ ಎಫ್‌ಡಿ ಒಂದನ್ನು ಮುರಿದಿದ್ದೆ. ಹೆಂಡತಿ ಏನೂ ಅನ್ನಲಿಲ್ಲ, ತನ್ನ ಬಂಗಾರವನ್ನು ಮಾತ್ರ ತವರಿಗೆ ಕಳಿಸಿದಳು.

ವಾರ್ಷಿಕ ಯೋಜನೆ ಎಂಬುದನ್ನು ನಾನು ಮೊದಲು ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಪಟ್ಟಿ ಮಾಡಿದ್ದೆ. ಜನವರಿಯಿಂದ ಏಪ್ರಿಲ್‌ವರೆಗೆ ತಯಾರಿ, ಮೇ ತಿಂಗಳಲ್ಲಿ ಪರೀಕ್ಷೆ, ಜೂನ್‌ನಲ್ಲಿ ಸ್ಟೀಮ್‌ನ ನೆಕ್ಸ್ಟ್ ಫೆಸ್ಟ್. ಈ ಹಬ್ಬ ಫೆಬ್ರುವರಿ, ಜೂನ್, ಅಕ್ಟೋಬರ್ ಎಂದು ವರ್ಷಕ್ಕೆ ಮೂರು ಸಲ ಬರುತ್ತದೆ. ಒಂದು ಆಟಕ್ಕೆ ಒಂದೇ ಸಲ ಅವಕಾಶ. ಅಲ್ಲಿ ಡೆಮೊ ಆಡಿದವರು ಮೆಚ್ಚಿದರೆ ಮುಂದೆ ಕೊಳ್ಳುವವರಾಗುತ್ತಾರೆ. ಜಾತ್ರೆಯಲ್ಲಿ ಅಂಗಡಿ ಹಾಕಿದ ಹಾಗೆ, ರೆಡಿ ಇಲ್ಲದೆ ಹೋಗಿ ಕುಳಿತರೆ ಇದ್ದ ಒಂದು ಅವಕಾಶವೂ ಹೋಯಿತು.

ಪಟ್ಟಿಯಲ್ಲಿ ಪರೀಕ್ಷೆ ಕೊನೆಗೆ ಇತ್ತಲ್ಲ, ತಪ್ಪಾದದ್ದು ಅಲ್ಲೇ.

ಫೋನಿಗೆ ಉಚಿತವಾದ ಚಿಕ್ಕ ಆವೃತ್ತಿ ಬಿಡುವುದಿತ್ತು. ಗೂಗಲ್ ಪ್ಲೇಯಲ್ಲಿ ಖಾತೆಗೆ ಒಂದೇ ಸಲ 25 ಡಾಲರ್ ಕಟ್ಟಿದರೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ಕನಿಷ್ಠ 12 ಮಂದಿಯಿಂದ ಸತತ 14 ದಿನ ಪರೀಕ್ಷೆ ಮಾಡಿಸಬೇಕೆಂಬ ನಿಯಮವಿದೆ. 2023ರ ಕೊನೆಗೆ ಬಂದಾಗ ಅದು 20 ಮಂದಿ ಇತ್ತು, ಮರುವರ್ಷ ಇಳಿಸಿದರು. ನಿಜವಾದ ಜನರನ್ನು ಕೂರಿಸಲು ಎಷ್ಟು ಬೇಕೆಂದು ಹಾಕಿದ ಅಂದಾಜು 5,000. ತಲೆಗೆ 250ರಂತೆ 16 ಮಂದಿ (ನಡುವೆ ನಾಲ್ವರು ಕೈಬಿಟ್ಟರೂ 12 ಉಳಿಯಲಿ ಎಂದು), ಮೇಲೆ ಚಹಾ ಫಳಾರಕ್ಕೆ 1,000. ಅಷ್ಟರಲ್ಲಿ 1,800 ರೂಪಾಯಿಗೆ 12 ಮಂದಿಯನ್ನು ಒದಗಿಸುತ್ತೇನೆಂಬ ಒಬ್ಬ ಆಸಾಮಿ ಫೋನಿನಲ್ಲಿ ಸಿಕ್ಕ. ದುಡ್ಡು ಹಾಕಿದೆ. ಹನ್ನೆರಡು ಹೆಸರುಗಳು ಬಂದವು, ಆಟ ಇಳಿಸಿಕೊಂಡವು, ಒಂದೂ ತೆರೆಯಲಿಲ್ಲ.

ಹದಿನಾಲ್ಕು ದಿನದ ನಂತರ ಗೂಗಲ್‌ಗೆ ಹಾಕಬೇಕಾದ ಬಿಡುಗಡೆಯ ಅರ್ಜಿಯಲ್ಲಿ ಪ್ರಶ್ನೆ ಇತ್ತು. ಪರೀಕ್ಷಿಸಿದವರು ಏನೆಂದರು, ನೀವು ಏನು ಬದಲಿಸಿದಿರಿ? ಬರೆಯಲು ನನ್ನ ಬಳಿ ಏನೂ ಇರಲಿಲ್ಲ. ಏನೋ ಗೀಚಿ ಕಳಿಸಿದೆ, ಮತ್ತೆ ಪರೀಕ್ಷೆ ನಡೆಸಿ ಎಂದು ವಾಪಸು ಬಂತು. ಬರಲೇಬೇಕಿತ್ತು.

ಆಗ ನಿಜವಾದ ಜನರನ್ನು ಕರೆದೆವು. ವಿದ್ಯಾನಗರದ ಕಾಲೇಜು ಹುಡುಗರು ಬಂದು “ಮಸ್ತ್ ಐತ್ರಿ ಸರ್” ಅಂದು ಗಿರ್ಮಿಟ್ ತಿಂದು ಹೋದರು. ಓಣಿಯ ಕಾಕಾ ಒಬ್ಬರು ಕನ್ನಡಕ ಹಾಕಿ ತೆಗೆದು, “ಗುಂಡಿ ಭಾಳ ಸಣ್ಣವು ಅದಾವಪಾ, ಬಟ್ಟು ಇಟ್ರ ಮೂರು ಒಮ್ಮೆಲೆ ಒತ್ತತಾವ” ಅಂದರು. ಈ ಒಂದು ಮಾತಿಗೇ 250 ಸಾರ್ಥಕ. ಆದರೆ ಆಟದ ಬುಡಕ್ಕೇ ಕೊಡಲಿ ಹಾಕಿದ್ದು ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಅಕ್ಕ. ಹತ್ತು ನಿಮಿಷ ಆಡಿ ಫೋನು ಕೆಳಗಿಟ್ಟರು.

“ತಮ್ಮಾ, ಸಂಜಿ ಏಳಕ್ಕೂ ಟೊಮ್ಯಾಟೊ ಕಿಲೋಕ್ಕ ನಲವತ್ತಾ? ಹಂಗ ಕುಂತ್ರ ಬುಟ್ಟಿ ಹೊತ್ಕೊಂಡು ಮನಿಗೆ ಹೋಗಬೇಕಾಗತೈತಿ. ಕತ್ತಲಾದ ಮ್ಯಾಲೆ ತೂಗೂದು ಎಲ್ಲೈತಿ? ಗುಂಪಿ ಹಾಕಿ ಹತ್ತಕ್ಕ ಕೊಡೂದು.”

ಹೊತ್ತು ಇಳಿದಂತೆ ದರ ಇಳಿಯುವುದು ನಮ್ಮ ಆಟದಲ್ಲಿ ಇರಲೇ ಇಲ್ಲ! ಇಪ್ಪತ್ತು ವರ್ಷ ಅದೇ ಸಂತೆಯಲ್ಲಿ ಚೀಲ ಹಿಡಿದು ಅಡ್ಡಾಡಿದವನು ನಾನು. ಆಟ ಆಗಿನ್ನೂ ಕಾಗದದ ಮೇಲಿದ್ದಾಗ, ಫೆಬ್ರುವರಿಯಲ್ಲೇ ಆ ಅಕ್ಕನ ಮುಂದೆ ಇಟ್ಟಿದ್ದರೆ ಒಂದು ವಾರದ ಕೆಲಸ. ಮೇ ತಿಂಗಳಲ್ಲಿ ಎಲ್ಲ ಕಟ್ಟಿ ನಿಲ್ಲಿಸಿದ ಮೇಲೆ ಕೆಡವಿ ಕಟ್ಟಲು ಎರಡು ತಿಂಗಳು. 74,000ದಂತೆ ಎರಡು ತಿಂಗಳಿಗೆ 1,48,000. ಜೂನ್ ಹಬ್ಬವೂ ತಪ್ಪಿತು.

ಮೊದಲೇ ಪರೀಕ್ಷಿಸುವುದನ್ನು ಕಲಿಯಲು ದೂರ ಹೋಗಬೇಕಿರಲಿಲ್ಲ. ನಮ್ಮ ಕೋಣೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. 1957ರಲ್ಲಿ ಹುಟ್ಟಿದ ಸಂಘ, ರಾಷ್ಟ್ರಧ್ವಜಕ್ಕೆ ಹೆಸರುವಾಸಿ. ಅಲ್ಲಿ ಧ್ವಜ ಪೂರ್ತಿಯಾದ ಮೇಲಷ್ಟೇ ಪರೀಕ್ಷೆಯಲ್ಲ. ನೂಲು, ನೇಯ್ಗೆ, ಬಣ್ಣ, ಚಕ್ರ, ಹೊಲಿಗೆ, ಎಲ್ಲದಕ್ಕೂ ಅಳತೆಯುಂಟು. ವ್ಯಾಪಾರವೂ ನಮ್ಮಂತೆಯೇ: ದುಡಿಮೆ ವರ್ಷವಿಡೀ, ಗಿರಾಕಿ ಹೆಚ್ಚಾಗಿ ಆಗಸ್ಟ್ 15 ಮತ್ತು ಜನವರಿ 26ರ ಮುಂಚಿನ ವಾರಗಳಲ್ಲಿ. ಅಂಥವರ ಲೆಕ್ಕವೂ 2021ರ ಡಿಸೆಂಬರಿನಲ್ಲಿ ಏರುಪೇರಾಯಿತು. ಪಾಲಿಯೆಸ್ಟರ್, ಯಂತ್ರದ ಬಟ್ಟೆಯ ಧ್ವಜಕ್ಕೂ ಅನುಮತಿ ಸಿಕ್ಕು ಖಾದಿಗೆ ಪೈಪೋಟಿ ಎದ್ದಿತು. ನಮಗೂ ಅಂಥ ಪೆಟ್ಟು ಬಿದ್ದದ್ದುಂಟು. 2023ರ ಸೆಪ್ಟೆಂಬರಿನಲ್ಲಿ, ನಾವು ಆಟ ಕಟ್ಟಲು ಬಳಸುತ್ತಿದ್ದ ತಂತ್ರಾಂಶದ ಯೂನಿಟಿ ಕಂಪನಿ ಆಟ ಇಳಿಸಿಕೊಂಡ ಲೆಕ್ಕದಲ್ಲಿ ಶುಲ್ಕ ಹಾಕುವುದಾಗಿ ಘೋಷಿಸಿತು. ಒಂದು ವರ್ಷದ ನಂತರ ಹಿಂತೆಗೆದುಕೊಂಡಿತು, ಅಷ್ಟರಲ್ಲಿ ನಾವು ಹೆದರಿ ಉಚಿತ ತಂತ್ರಾಂಶ ಗೊಡೊಗೆ ಬಂದಾಗಿತ್ತು. ಬೇರೆಯವರ ನಿಯಮ ನಮ್ಮ ಕೈಯಲ್ಲಿಲ್ಲ. ನೂಲಿನಲ್ಲೇ ಪರೀಕ್ಷೆ ಮಾಡುವುದು ನಮ್ಮ ಕೈಯಲ್ಲೇ ಇತ್ತು, ಪಕ್ಕದ ಮನೆಯವರು ಮಾಡುವುದನ್ನು ನೋಡಿಯೂ ಕಲಿಯಲಿಲ್ಲ.

ಮುಂದಿನ ನೆಕ್ಸ್ಟ್ ಫೆಸ್ಟ್ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಹೊಟ್ಟೆಗೆ? ಎಪಿಎಂಸಿಯ ವ್ಯಾಪಾರಿಯೊಬ್ಬರಿಗೆ ಬಿಲ್ಲಿಂಗ್ ಆಪ್ ಮಾಡಿಕೊಟ್ಟು ಸಂಬಳ ಹೊಂದಿಸಿದೆವು. ಇದಕ್ಕೆ ನಾಚಿಕೆ ಬೇಡ. 1997ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಕಟ್ಟಿದ ಧ್ರುವ ಇಂಟರಾಕ್ಟಿವ್ ಹೊರದೇಶದವರ ಆಟಗಳಿಗೆ ಚಿತ್ರ ಮಾಡಿಕೊಡುವ ಕೆಲಸದಿಂದಲೇ ಎರಡು ದಶಕ ಬಾಳಿತು. 2019ರಲ್ಲಿ ಅದನ್ನು ಕೊಂಡದ್ದು ಜಿಟಿಎ ಆಟ ಮಾಡಿದ ರಾಕ್‌ಸ್ಟಾರ್.

ಈ ವರ್ಷದ ಯೋಜನೆ ಗೋಡೆಯ ಕ್ಯಾಲೆಂಡರಿನ ಮೇಲೆ ಪೆನ್ನಿನಲ್ಲಿದೆ. ಎರಡು ತಿಂಗಳಿಗೊಮ್ಮೆ ಒಂದು ಶನಿವಾರವನ್ನು ಪರೀಕ್ಷೆಗೆಂದು ಸುತ್ತು ಹಾಕಿ ಗುರುತಿಸಿದ್ದೇನೆ, ಒಂದೊಂದಕ್ಕೂ 5,000. ವರ್ಷಕ್ಕೆ 30,000, ಸಂಬಳಕ್ಕೂ ಮುಂಚೆ ತೆಗೆದಿಟ್ಟದ್ದು.

ಮುಂದಿನ ಪರೀಕ್ಷೆಗೆ 16 ಮಂದಿ ಬೇಕು. ಸಂತೆ ಮುಗಿದ ಮೇಲೆ ಎರಡು ತಾಸು ಕೂರಬೇಕು, ಆಮೇಲೆ 14 ದಿನ ದಿನಕ್ಕೊಮ್ಮೆ ಆಡಬೇಕು. ತಲೆಗೆ 250 ರೂಪಾಯಿ, ಗಿರ್ಮಿಟ್, ಚಹಾ. ಎಂದೂ ಗೇಮ್ ಆಡದವರಿಗೆ, ಐವತ್ತು ದಾಟಿದವರಿಗೆ ಮೊದಲ ಅವಕಾಶ. ನಮ್ಮ ಬೀಗರು, ಗೆಳೆಯರು ದಯವಿಟ್ಟು ಬರಬೇಡಿ. ನಿಮಗೆ ನಮ್ಮನ್ನು ಬೈಯುವುದು ಬರುವುದಿಲ್ಲ.