ಉಂಡ ಮೇಲೆ ಮೂಟೆ

ಮಧ್ಯಾಹ್ನ ಬುತ್ತಿ ಬಿಚ್ಚುತ್ತೇವೆ. ಹೊಟ್ಟೆ ತುಂಬ ಉಣ್ಣುತ್ತೇವೆ. ಕೈ ತೊಳೆಯುವುದರೊಳಗೆ ಮೇಸ್ತ್ರಿ ಕೂಗುತ್ತಾನೆ, "ಏಳ್ರಪ್ಪಾ, ಹೊತ್ತಾಯ್ತು!" ಎದ್ದು ಮೂಟೆ ಹೊರುತ್ತೇವೆ. ಏದುಸಿರು ಬರುತ್ತದೆ. ಹೊಟ್ಟೆ ಭಾರ, ಒಮ್ಮೊಮ್ಮೆ ಓಕರಿಕೆ. ಬೆಳಗ್ಗೆ ಇದೇ ಮೂಟೆ ಹಗುರವಾಗಿತ್ತಲ್ಲ?

ನಮ್ಮ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇದೆ. ಹೃದಯ ನಮ್ಮ ಮುಷ್ಟಿಯಷ್ಟೇ ದೊಡ್ಡದು. ಅದು ಹಗಲೂ ರಾತ್ರಿ ರಕ್ತವನ್ನು ಪಂಪು ಮಾಡುತ್ತದೆ. ಸುಮ್ಮನೆ ಕುಳಿತಾಗ ನಿಮಿಷಕ್ಕೆ ಸುಮಾರು 5 ಲೀಟರ್. ಬಿರುಸಾಗಿ ದುಡಿಯುವಾಗ ಅದರ ಎರಡು ಮೂರರಷ್ಟು.

ಹೊಲಕ್ಕೆ ನೀರು ಹಾಯಿಸುವುದು ನಮಗೆ ಗೊತ್ತು. ಬಾವಿ ಒಂದೇ, ಮಡಿ ಹಲವು. ಬೇಕಾದ ಮಡಿಗೆ ನೀರು ಬಿಡುತ್ತೇವೆ. ಉಳಿದವಕ್ಕೆ ಮಣ್ಣು ಎಳೆಯುತ್ತೇವೆ. ಮೈಯೂ ಹೀಗೇ ಮಾಡುತ್ತದೆ. ಸಣ್ಣ ರಕ್ತನಾಳಗಳು ಬೇಕಾದಲ್ಲಿ ಹಿಗ್ಗುತ್ತವೆ, ಬೇಡವಾದಲ್ಲಿ ಕುಗ್ಗುತ್ತವೆ.

ಉಂಡ ಮೇಲೆ ಕರುಳಿನ ನಾಳಗಳು ಹಿಗ್ಗುತ್ತವೆ. ಅಲ್ಲಿ ರಕ್ತದ ಹರಿವು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಎರಡು ಮೂರು ಗಂಟೆ ಹೀಗೇ ಇರುತ್ತದೆ. ಊಟದ ಸಾರವನ್ನು ಹೊತ್ತೊಯ್ಯಬೇಕಲ್ಲ! ದುಡಿಯುವಾಗ ಲೆಕ್ಕ ತಿರುಗುಮುರುಗು. ಕೈಕಾಲಿನ ಸ್ನಾಯುಗಳಿಗೆ ದೊಡ್ಡ ಪಾಲು, ಕರುಳಿಗೆ ಚಿಕ್ಕದು. ಮಿದುಳಿನ ಪಾಲನ್ನು ಮಾತ್ರ ಮೈ ಕಾಪಾಡುತ್ತದೆ. ಉಂಡಾಗ ತಲೆಗೆ ರಕ್ತ ಸಾಲದೆ ನಿದ್ದೆ ಬರುತ್ತದೆ ಅಂತ ಕೆಲವರು ಹೇಳ್ತಾರೆ. ಅದು ಸರಿಯಲ್ಲ.

ಉಂಡ ಕೂಡಲೇ ಮೂಟೆ ಹೊತ್ತರೆ ಕರುಳೂ ಕೇಳುತ್ತದೆ, ಕೈಕಾಲೂ ಕೇಳುತ್ತವೆ. ಹೃದಯಕ್ಕೆ ದುಡಿಮೆ ಹೆಚ್ಚು. ಅರ್ಧ ಗಂಟೆ, ಒಂದು ಗಂಟೆ ಕೂತು ಏಳುವುದು ಒಳ್ಳೆಯದು. ಮೇಸ್ತ್ರಿಗೂ ಇದನ್ನು ಹೇಳೋಣ. ಉಂಡ ಮೇಲೆ ನಾಲ್ಕು ಹೆಜ್ಜೆ ಹಾಕು ಅಂತ ಹಿರಿಯರು ಹೇಳುತ್ತಾರೆ. ನಿಧಾನ ನಡಿಗೆಗೆ ಅಡ್ಡಿಯಿಲ್ಲ.

ವಯಸ್ಸಾದವರ ಮೈಗೆ ಈ ಹಂಚಿಕೆ ಕಷ್ಟ. ಉಂಡ ಮೇಲೆ ಕೆಲವರ ರಕ್ತದೊತ್ತಡ ಇಳಿಯುತ್ತದೆ. ಅಜ್ಜಿ ತಟ್ಟೆ ಬಿಟ್ಟು ದಡಕ್ಕನೆ ಏಳುತ್ತಾಳೆ, ಕಣ್ಣು ಕತ್ತಲೆ ಬಂದು ಬೀಳುತ್ತಾಳೆ. ಅವಳಿಗೆ ಸ್ವಲ್ಪ ಸ್ವಲ್ಪವಾಗಿ ಊಟ ಕೊಡೋಣ. ಕೈ ಹಿಡಿದು ಎಬ್ಬಿಸೋಣ.

ಇನ್ನೊಂದು ಮಾತಿದೆ. ಉಂಡು ನಡೆಯುವಾಗ ಕೆಲವರಿಗೆ ಎದೆ ಬಿಗಿಯುತ್ತದೆ. ನೋವು ಎಡಗೈಗೋ ದವಡೆಗೋ ಹರಿಯುತ್ತದೆ. ನಿಂತರೆ ಕಡಿಮೆಯಾಗುತ್ತದೆ. "ಗ್ಯಾಸು ಕಣೋ" ಅಂತ ಸೋಡಾ ಕುಡಿದು ಸುಮ್ಮನಾಗುತ್ತೇವೆ. ಅದು ಹೃದಯದ ರಕ್ತನಾಳ ಕಿರಿದಾದ ಗುರುತೂ ಇರಬಹುದು. ಡಾಕ್ಟರಿಗೆ ತೋರಿಸಿ ಇಸಿಜಿ ತೆಗೆಸಬೇಕು. ಕೂತರೂ ನೋವು ನಿಲ್ಲಲಿಲ್ಲವೇ? ಬೆವರು ಕಿತ್ತು ಬಂತೇ? ಆಗ ಕಾಯಬಾರದು. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.